ಉತ್ತರವಿಲ್ಲ ಎಂದು ಬರೆದ ವರ್ಷ

ಕಳೆದ ವಾರ ಯಲಹಂಕದ ಹಳೇ ಪೇಟೆಯಲ್ಲಿ ಬಸ್ಸಿಗೆಂದು ನಡೆಯುತ್ತಿದ್ದಾಗ ಅವರೆಕಾಯಿಯ ಸೊಗಡು ಮೂಗಿಗೆ ಬಡಿಯಿತು. ನಾಲ್ಕು ಹೆಜ್ಜೆ ಮುಂದೆ ರಾಶಿಯೂ ಸಿಕ್ಕಿತು. ಗೋಣಿಚೀಲದ ಮೇಲೆ ಸುರಿದು ಕೂತಿದ್ದ ಹೆಂಗಸು, "ಒಳ್ಳೆ ಸೊಗಡವರೆ ಅಕ್ಕ, ಕೈ ಹಾಕಿ ನೋಡಿ" ಎಂದಳು. ಕೈ ಹಾಕಿದೆ. ಬೆರಳಿಗೆ ಆ ಜಿಗುಟು ಅಂಟಿತು. ಚಳಿಗಾಲದಲ್ಲಿ ಈ ಕಡೆಯವರಿಗೆಲ್ಲ ಬಾಯಲ್ಲಿ ನೀರೂರಿಸುವ ವಾಸನೆ ಅದು. ನನಗೆ ಮಾತ್ರ ಮೊದಲು ನಾಚಿಕೆ, ಆಮೇಲೆ ಹಸಿವು. ನಾಲ್ಕು ವರ್ಷದ ಹಿಂದೆ ಇಂಥದೇ ಅವರೆ ಕಾಲದಲ್ಲಿ ನಾನು ಒಬ್ಬ ಮನುಷ್ಯರ ಬಗ್ಗೆ, ಎಲ್ಲರೂ ಓದುವ ಜಾಗದಲ್ಲಿ, ಒಂದು ಸುಳ್ಳು ಬರೆದೆ. ಸುಳ್ಳೆಂದು ಗೊತ್ತಿರಲಿಲ್ಲ ನಿಜ. ಆದರೆ ಗೊತ್ತುಮಾಡಿಕೊಳ್ಳುವುದೇ ನನ್ನ ಕೆಲಸವಾಗಿತ್ತು.

ಆಗ ನಾನು ಅಟ್ಟೂರಿನಲ್ಲಿ ಲಕ್ಷ್ಮಮ್ಮನವರ ಮನೆಯ ಮೊದಲ ಮಹಡಿಯಲ್ಲಿ ಬಾಡಿಗೆಗಿದ್ದೆ. ಅಟ್ಟೂರು ಹಳ್ಳಿಯಾಗಿದ್ದ ಕಾಲದಿಂದ ಅಲ್ಲಿರುವ ಮನೆತನ ಅವರದು. ರಾಗಿ ಬೆಳೆಯುತ್ತಿದ್ದ ಜಾಗದಲ್ಲೇ ಮೂರಂತಸ್ತು ಎಬ್ಬಿಸಿ, ಕೆಳಗೆ ತಾವಿದ್ದು, ಮೇಲಿನದನ್ನು ಬಾಡಿಗೆಗೆ ಕೊಟ್ಟಿದ್ದರು. ಅಮ್ಮನೂ ನಾನೂ ಅಲ್ಲಿ ಒಂಬತ್ತು ವರ್ಷ ಇದ್ದೆವು. ಆ ವರ್ಷ ಯುಗಾದಿ ಕಳೆದು ಹದಿನೈದು ದಿನಕ್ಕೆ ಅಮ್ಮ ಹೋದಳು. ನನಗೆ ನಲವತ್ತು ದಾಟಿತ್ತು, ಮದುವೆಯ ಮಾತನ್ನು ನೆಂಟರು ಆಡಿ ಆಡಿ ಅವರೇ ಸುಸ್ತಾಗಿದ್ದರು. ಕೆಲಸ ಒಂದು ಪಾಲಿಟೆಕ್ನಿಕ್ಕಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವುದು. ಅಮ್ಮ ಹೋದ ಮೇಲೆ ನಾನು ಇಡೀ ದಿನ ಆಡುತ್ತಿದ್ದ ಮಾತುಗಳನ್ನು ಬೆರಳ ಮೇಲೆ ಎಣಿಸಬಹುದಿತ್ತು. ಬಸ್ಸಿನಲ್ಲಿ "ಸ್ವಲ್ಪ ಸರೀರಿ", ಲ್ಯಾಬಿನಲ್ಲಿ "ಚಪ್ಪಲಿ ಹೊರಗೆ ಬಿಡ್ರೋ", ಅಂಗಡಿಯಲ್ಲಿ "ಅರ್ಧ ಲೀಟರ್ ಸಾಕು". ಮೊದಲು ಒಂದು ಲೀಟರ್ ತರುತ್ತಿದ್ದೆ.

ನನಗೆ ಇನ್ನೊಂದು ಕೆಲಸವೂ ಇತ್ತು. ಸಂಬಳವಿಲ್ಲದ್ದು. ನಾನಾ ದೇಶದ ಜನ ಸೇರಿ ಸಾವಿರಾರು ಪ್ರೋಗ್ರಾಮುಗಳನ್ನು ಕೂಡಿಸಿ, ಒಂದಕ್ಕೊಂದು ಹೊಂದುವಂತೆ ಮಾಡಿ, ಯಾರು ಬೇಕಾದರೂ ಬಳಸಲಿ ಎಂದು ಪುಕ್ಕಟೆ ಹಂಚುವ ಒಂದು ಲಿನಕ್ಸ್ ಕೂಟಕ್ಕೆ ನಾನು ಹತ್ತು ವರ್ಷದಿಂದ ಸದಸ್ಯೆ. ಅಲ್ಲಿ ಒಂದೊಂದು ಪ್ರೋಗ್ರಾಮಿಗೂ ಒಬ್ಬೊಬ್ಬ ಜವಾಬ್ದಾರರು ಇರುತ್ತಾರೆ. ಎರಡು ವರ್ಷಕ್ಕೊಮ್ಮೆ ಎಲ್ಲವನ್ನೂ ಒಟ್ಟಿಗೆ ಒಂದು ಹೊಸ ಆವೃತ್ತಿಯಾಗಿ ಬಿಡುಗಡೆ ಮಾಡುತ್ತಾರೆ. ಆ ವರ್ಷ ವೆಬ್ ಫ್ರೇಮ್‌ವರ್ಕ್ ಒಂದನ್ನು ಹಳೆಯದರಿಂದ ಹೊಸದಕ್ಕೆ ಏರಿಸಬೇಕಿತ್ತು. ಅದನ್ನು ಆಧರಿಸಿ ಕಟ್ಟಿದ ಪ್ರೋಗ್ರಾಮುಗಳು ನೂರಕ್ಕೂ ಹೆಚ್ಚು. ಹಳೆಯದನ್ನೂ ಹೊಸದನ್ನೂ ಜೊತೆಗೆ ಇಟ್ಟುಕೊಳ್ಳುವ ಹಾಗಿಲ್ಲ; ಬದಲಾದರೆ ಎಲ್ಲವೂ ಒಟ್ಟಿಗೆ ಬದಲಾಗಬೇಕು. ಮೇಲೆ ಬಾಡಿಗೆದಾರರು ಇರುವಾಗಲೇ ಕಟ್ಟಡದ ಪಾಯ ಬದಲಿಸುವ ಹಾಗೆ. ಮುಂಚೆ ಇದನ್ನು ನೋಡಿಕೊಳ್ಳುತ್ತಿದ್ದ, ದೂರದೇಶದ ಒಬ್ಬರು ಮಗು ಹುಟ್ಟಿತೆಂದು ಕೈಬಿಟ್ಟರು. ಯಾರಾದರೂ ವಹಿಸಿಕೊಳ್ಳುತ್ತೀರಾ ಎಂಬ ಪತ್ರ ಬಂದಾಗ ಅಮ್ಮನ ತಿಂಗಳ ತಿಥಿ ಮುಗಿದು ಎರಡು ದಿನವಾಗಿತ್ತು. ನಾನು ಎಂದು ಬರೆದುಬಿಟ್ಟೆ. ಬೆಳಿಗ್ಗೆ ಎದ್ದರೆ ಮಾಡುವುದಕ್ಕೆ ಏನಾದರೂ ಬೇಕಿತ್ತು, ಅಷ್ಟೆ.

ಕೆಲಸದ ರೀತಿ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಾನು ಮಾಡಿದ ಎಡವಟ್ಟು ಅರ್ಥವಾಗುವುದಿಲ್ಲ. ಹೊಸ ಫ್ರೇಮ್‌ವರ್ಕಿನ ಮೇಲೆ ಯಾವ ಪ್ರೋಗ್ರಾಮು ಕೆಡುತ್ತದೋ ಅದರ ಹೆಸರಿನಲ್ಲಿ ಒಂದು ದೂರು ದಾಖಲಿಸಬೇಕು. ದೂರಿಗೊಂದು ನಂಬರು, ಆ ನಂಬರಿಗೊಂದು ಪುಟ, ಪುಟಕ್ಕೊಂದು ಮೇಲ್ ವಿಳಾಸ. ಮಾತೆಲ್ಲ ಆ ಪುಟದಲ್ಲೇ ಆಗಬೇಕು, ಖಾಸಗಿಯಾಗಿ ಬರೆಯಬಾರದು, ಎಲ್ಲವೂ ಎಲ್ಲರ ಕಣ್ಣಿಗೂ ಬೀಳಬೇಕು ಎಂಬುದು ನಮ್ಮಲ್ಲಿನ ಪದ್ಧತಿ. ದೂರು ಹೋಗುವುದು ಪ್ರೋಗ್ರಾಮಿನ ಜವಾಬ್ದಾರರಿಗೆ. ಅವರು ಸರಿಮಾಡಬೇಕು, ಆಗದಿದ್ದರೆ ನಾನು ಸಹಾಯ ಮಾಡಬೇಕು. ಸಂಕ್ರಾಂತಿಯ ಹೊತ್ತಿಗೆ ಕೊನೆಯ ಗಡುವು. ಅಷ್ಟರಲ್ಲಿ ಸರಿಯಾಗದ್ದನ್ನು ಆ ಬಾರಿಯ ಬಿಡುಗಡೆಯಿಂದ ತೆಗೆದುಹಾಕಬೇಕು, ಅದೂ ನಾನೇ.

ಒಂದನ್ನೂ ತೆಗೆಯುವುದಿಲ್ಲ ಎಂದು ಹಟ ಹಿಡಿದೆ. ಆ ವರ್ಷ ನನಗೆ ಇನ್ನೊಂದು ಕಳೆದುಕೊಳ್ಳುವುದು ಬೇಕಿರಲಿಲ್ಲ.

ಆಷಾಢದಲ್ಲಿ ಶುರುಮಾಡಿದೆ. ಗಾಳಿ ಎಂದರೆ ಗಾಳಿ, ಒಗೆದ ಬಟ್ಟೆ ಪಕ್ಕದ ಸೈಟಿನಲ್ಲಿ ಹುಡುಕಬೇಕಿತ್ತು. ಬೆಳಗಿನ ಐದಕ್ಕೆ ಎದ್ದು, ಕಾಫಿ ಲೋಟ ಕಿಟಕಿಯಲ್ಲಿಟ್ಟುಕೊಂಡು, ಕಾಲೇಜಿಗೆ ಹೊರಡುವವರೆಗೆ ದೂರುಗಳನ್ನು ಕಳಿಸುವುದು. ಒಂದೊಂದಕ್ಕೂ ಬೇರೆ ಬೇರೆ ಬರೆಯಲು ನೂರು ಕೈ ಬೇಕು. ಹಾಗಾಗಿ ಒಂದು ಒಕ್ಕಣೆ ಸಿದ್ಧಮಾಡಿ, ಹೆಸರು ಮಾತ್ರ ಬದಲಿಸಿ, ಒಂದು ಸಣ್ಣ ಪ್ರೋಗ್ರಾಮಿನಿಂದ ಎಲ್ಲರಿಗೂ ಕಳಿಸಿದೆ. ಕೊನೆಯಲ್ಲಿ ನನ್ನ ಹೆಸರು, ಕೆಳಗೆ "ಯಲಹಂಕ, ಬೆಂಗಳೂರು". ಯಾವುದು ಮುಗಿಯಿತು, ಯಾವುದು ಬಾಕಿ ಎಂದು ಬಣ್ಣ ಹಚ್ಚಿ ತೋರಿಸುವ ಪಟ್ಟಿಯನ್ನೂ ಮಾಡಿಕೊಂಡೆ. ಮುಗಿದದ್ದು ಹಸಿರು, ಬಾಕಿ ಇದ್ದದ್ದು ಕೆಂಪು. ಆ ಪಟ್ಟಿಯ ಮೇಲೆ ನನಗೆ ಭಾರೀ ಜಂಬವಿತ್ತು. ಒಂದೊಂದೇ ಪುಟ ತೆರೆದು ಓದುವ ಕೆಲಸ ತಪ್ಪಿತಲ್ಲ ಎಂದು.

ಜನ ಉತ್ತರ ಕೊಟ್ಟರು. ಕೆಲವರು ಒಂದೇ ದಿನದಲ್ಲಿ ಸರಿಮಾಡಿದರು, ಕೆಲವರು ಜಗಳಕ್ಕೆ ಬಂದರು, ನಾನೂ ಬಿಡಲಿಲ್ಲ. ಶ್ರಾವಣ ಮುಗಿಯುವಷ್ಟರಲ್ಲಿ ಪಟ್ಟಿ ಅರ್ಧ ಹಸಿರಾಯಿತು. ಆದರೆ ಆ ಪತ್ರಗಳಲ್ಲಿ ಒಂದರಲ್ಲಾದರೂ "ಹೇಗಿದ್ದೀರಿ" ಎಂದು ಇರಲಿಲ್ಲ. ಇರಬೇಕಾಗಿಯೂ ಇರಲಿಲ್ಲ, ನಾನೂ ಯಾರನ್ನೂ ಕೇಳಿರಲಿಲ್ಲ. ಆದರೂ ಪ್ರತಿದಿನ ಬೆಳಿಗ್ಗೆ ಮೇಲ್ ತೆರೆಯುವಾಗ ಒಂದು ಕ್ಷಣ ಆಸೆಯಾಗುತ್ತಿತ್ತು. ನಾಚಿಕೆಗೇಡು, ಆದರೆ ನಿಜ.

ಲಕ್ಷ್ಮಮ್ಮ ಗಣೇಶನ ಹಬ್ಬಕ್ಕೆ ಕಡುಬು ತಂದುಕೊಟ್ಟು ಬಾಗಿಲಲ್ಲೇ ನಿಂತರು.

"ಅಲ್ಲ ಕಣವ್ವ, ಅಬ್ಬದ್ ದಿನಾನೂ ಅದ್ರ ಮುಂದೇನೇ ಕುಂತಿದೀಯಲ್ಲ. ಯಾರ್ ಮನೇಗೂ ಓಗಲ್ವಾ ನೀನು?"

"ಯಾರ ಮನೆಗೆ ಹೋಗ್ಲಿ ಅಮ್ಮಾ?"

"ಓಗ್ಲಿ, ನಿನ್ ಮನೆಗಾದ್ರೂ ಯಾರಾನಾ ಬತ್ತಾರಾ?"

"ನೀವ್ ಬಂದ್ರಲ್ಲ" ಎಂದೆ. ಅವರು ಕಡುಬಿನ ಡಬ್ಬಿಯ ಮುಚ್ಚಳವನ್ನು ತಾವೇ ತೆಗೆದು, ಒಂದು ನನ್ನ ಕೈಗೆ ಕೊಟ್ಟು, ತಿನ್ನುವವರೆಗೂ ನಿಂತು, ಕೆಳಗೆ ಹೋದರು.

ದಸರಾ, ದೀಪಾವಳಿ ಎರಡೂ ಹಾಗೇ ಹೋದವು. ಕೆಂಪು ಗೆರೆಗಳು ನಲವತ್ತಾದವು, ಇಪ್ಪತ್ತಾದವು, ಏಳಾದವು. ಡಿಸೆಂಬರಿನಲ್ಲಿ ಕೆಲವರು ಇನ್ನೊಂದು ವಾರ ಕೊಡಿ ಎಂದು ಬೇಡಿಕೊಂಡರು. ಗಡುವು ಎಂದರೆ ಗಡುವು, ಒಮ್ಮೆ ಹೊರಹೋದದ್ದು ಈ ಬಾರಿ ಮತ್ತೆ ಒಳಬರುವಂತಿಲ್ಲ ಎಂದು ಎಲ್ಲರಿಗೂ ಒಂದು ಖಾರವಾದ ಪತ್ರ ಬರೆದೆ. ಹೆದರಿ ಮುಗಿಸಿಕೊಟ್ಟರು. ಹೊಸವರ್ಷದ ಹೊತ್ತಿಗೆ ಉಳಿದದ್ದು ಒಂದೇ ಒಂದು ಕೆಂಪು ಗೆರೆ.

ಅದು ಸಣ್ಣ ಗ್ರಂಥಾಲಯಗಳಿಗೆಂದು ಬರೆದ ಪ್ರೋಗ್ರಾಮು. ಯಾವ ಪುಸ್ತಕ ಯಾರ ಹತ್ತಿರ ಇದೆ, ಯಾವತ್ತು ವಾಪಸ್ಸು ಬರಬೇಕು ಎಂದು ನೋಡಿಕೊಳ್ಳುವಂಥದ್ದು. ಎಲ್ಲೆಲ್ಲೋ ಇರುವ ಶಾಲೆಗಳು ಬಳಸುತ್ತಿದ್ದವು. ಜವಾಬ್ದಾರರ ಹೆಸರಿನ ಜಾಗದಲ್ಲಿ ಕೆ. ಅಹ್ಮದ್ ಎಂದಷ್ಟೇ ಇತ್ತು. ಕೈರೋದವರೋ ಕ್ವಾಲಾಲಂಪುರದವರೋ ಇರಬೇಕು ಎಂದುಕೊಂಡಿದ್ದೆ. ಅವರಿಗೆ ಐದು ಸಲ ನೆನಪೋಲೆ ಹೋಗಿತ್ತು, ಅದೇ ಒಕ್ಕಣೆ, ಅದೇ ಅಲ್ಪವಿರಾಮ. ನನಗೆ ಒಂದಕ್ಕೂ ಉತ್ತರ ಬಂದಿರಲಿಲ್ಲ. ಎರಡು ಭಾನುವಾರ ನಾನೇ ಸರಿಮಾಡಲು ಕೂತೆ. ಹಳೆಯ ಕಾಲದ ಬರವಣಿಗೆ, ಒಂದು ಎಳೆದರೆ ಇನ್ನೊಂದು ಬಿಚ್ಚಿಕೊಳ್ಳುತ್ತಿತ್ತು. ಆಗಲಿಲ್ಲ. ಸಿಟ್ಟು ಬಂತು. ಒಂದು ಸಾಲು ಬರೆಯಲು ಏನು ಕಷ್ಟ ಈ ಮನುಷ್ಯನಿಗೆ, ಆಗುವುದಿಲ್ಲ ಎಂದಾದರೂ ಬರೆಯಬಾರದಾ ಎಂದು ಖಾಲಿ ಮನೆಯಲ್ಲಿ ಗಟ್ಟಿಯಾಗಿ ಬೈದೆ.

ಆ ವಾರದಲ್ಲೇ ಒಂದು ಸಂಜೆ ಲಕ್ಷ್ಮಮ್ಮ ಕೆಳಗಿನ ಮೆಟ್ಟಿಲ ಮೇಲೆ ಅವರೆಕಾಳು ಹಿತಕುತ್ತಾ ಕೂತಿದ್ದರು. ನೆನೆಹಾಕಿದ ಕಾಳನ್ನು ಒಂದೊಂದಾಗಿ ಎರಡು ಬೆರಳಲ್ಲಿ ಒತ್ತಿದರೆ ಬೇಳೆ ಪುಳಕ್ಕನೆ ಪಾತ್ರೆಗೆ ಬೀಳುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ನಾನೂ ಪಕ್ಕದಲ್ಲಿ ಕೂತು ಕೈಹಾಕಿದೆ.

"ಅದೇನ್ ಕೆಲ್ಸ ಮಾಡ್ತೀಯಾ ಅಂತ ಇವತ್ತಾದ್ರೂ ಏಳು" ಎಂದರು. ಪಾಯ ಬದಲಿಸುವ ಕಥೆಯನ್ನೇ ಹೇಳಿದೆ. ಎಲ್ಲ ಬಾಡಿಗೆದಾರರೂ ಒಪ್ಪಿ ಸರಿಮಾಡಿಕೊಂಡರು, ಒಬ್ಬ ಮಾತ್ರ ಬಾಗಿಲೇ ತೆಗೆಯುತ್ತಿಲ್ಲ, ಅವನ ಸಾಮಾನು ಹೊರಗೆ ಹಾಕಬೇಕು ಎಂದೆ.

"ಬಾಗ್ಲು ತಟ್ಟಿದ್ಯಾ?"

"ಐದ್ ಸಲ ತಟ್ಟಿದೀನಿ."

"ಒಳಗ್ ಇಣುಕಿ ನೋಡಿದ್ಯಾ?" ಲಕ್ಷ್ಮಮ್ಮ ಕೈ ನಿಲ್ಲಿಸದೆಯೇ ಕೇಳಿದರು. "ನಮ್ ಎರಡ್ನೇ ಮಾಡೀಲಿ ಒಬ್ಬ ಇದ್ದ. ಎಂಟ್ ದಿನ ಬಾಗ್ಲು ತೆಗೀಲಿಲ್ಲ. ಕಿತ್ತಾಕಣ ಅಂತ ಓದ್ರೆ, ಪಾಪ, ಜ್ವರ ಬಂದು ಬಿದ್ಕಂಡವ್ನೆ. 'ಬಂದೆ, ಬಂದೆ' ಅಂತ ಒಳಗಿಂದ ಕೂಗ್ತಾನೇ ಇದ್ನಂತೆ. ನಮ್ಗೆ ಕೇಳಿಸ್ಬೇಕಲ್ಲ."

"ಇದು ಹಂಗಲ್ಲ ಅಮ್ಮಾ" ಎಂದೆ.

"ಸರಿ ಬಿಡವ್ವ, ಓದಿದೋಳು ನೀನು" ಎಂದು ಅವರು ಹಿತಕಿದ ಬೇಳೆಯ ಪಾತ್ರೆಯನ್ನು ನನ್ನ ಕಡೆ ಸರಿಸಿದರು.

ಸಂಕ್ರಾಂತಿಯ ಹಿಂದಿನ ಬೆಳಿಗ್ಗೆ ಕೆ. ಅಹ್ಮದರ ಪ್ರೋಗ್ರಾಮನ್ನು ತೆಗೆದುಹಾಕಲು ಕೋರಿಕೆ ಕಳಿಸಿದೆ. ಅದರಲ್ಲಿ ಕಾರಣ ಎಂಬ ಜಾಗವಿರುತ್ತದೆ. ಇಂಗ್ಲಿಷಿನಲ್ಲಿ ಎರಡೇ ಪದ ಬರೆದೆ. ಕನ್ನಡದಲ್ಲಿ ಹೇಳುವುದಾದರೆ, "ಜವಾಬ್ದಾರರಿಂದ ಉತ್ತರವಿಲ್ಲ". ಹಾಗೆ ಬರೆದದ್ದು ಲೋಕ ಇರುವವರೆಗೆ ಇರುತ್ತದೆ. ಅಳಿಸುವ ಪದ್ಧತಿ ನಮ್ಮಲ್ಲಿಲ್ಲ. ಪಟ್ಟಿ ಪೂರ್ತಿ ಹಸಿರಾಯಿತು. ಕೂಟದ ಹರಟೆಯಲ್ಲಿ ಏಳೆಂಟು ಜನ ಅಭಿನಂದನೆ ಎಂದು ಬರೆದರು. ಆಮೇಲೆ ಅವರವರ ಕೆಲಸಕ್ಕೆ ಹೋದರು. ವಾಯುನೆಲೆಯ ಕಡೆಯಿಂದ ಒಂದು ಜೆಟ್ ಮನೆಯ ಮೇಲೆ ಹಾದು ಕಿಟಕಿ ಗಾಜು ಅದುರಿಸಿತು. ಎದ್ದು ಅಮ್ಮನ ಫೋಟೋದ ಮುಂದೆ ಹೋಗಿ "ಮುಗೀತು ಕಣೆ" ಎಂದೆ. ಅಳು ಬಂತು, ಅತ್ತೆ. ಹತ್ತು ಗಂಟೆಗೆ ಲ್ಯಾಬಿನಲ್ಲಿದ್ದೆ.

ಹಬ್ಬದ ಮಾರನೆಯ ದಿನ, ಮಾಡಿದ ಕೆಲಸದ ವರದಿ ಬರೆಯುವಾಗ, ತೆಗೆದುಹಾಕಿದ ಆ ಒಂದರ ಕೊಂಡಿ ಬೇಕಾಯಿತು. ಅದಕ್ಕಾಗಿ ಪುಟವನ್ನು ಬ್ರೌಸರಿನಲ್ಲಿ ತೆರೆದೆ. ಆರು ತಿಂಗಳಲ್ಲಿ ಅದೇ ಮೊದಲು.

ಪುಟ ಉದ್ದವಾಗಿತ್ತು.

ನನ್ನ ದೂರು, ನನ್ನ ಐದು ನೆನಪೋಲೆ. ಅವುಗಳ ನಡುನಡುವೆ ಆರು ಪತ್ರ. ಎಲ್ಲವೂ ಖಲೀಲ್ ಅಹ್ಮದ್ ಎಂಬವರದು.

ನಮ್ಮ ಕೂಟದಲ್ಲಿ ಹೊಸಬರಿಗೆ ಮೊದಲ ದಿನವೇ ಹೇಳಿಕೊಡುವ ವಿಷಯ ಒಂದಿದೆ. ದೂರಿನ ನಂಬರಿಗೆ ಮೇಲ್ ಕಳಿಸಿದರೆ ಅದು ಪುಟಕ್ಕೆ ಹೋಗುತ್ತದೆ, ಜವಾಬ್ದಾರರಿಗೆ ಹೋಗುತ್ತದೆ. ದೂರು ಕೊಟ್ಟವರಿಗೆ ಹೋಗುವುದಿಲ್ಲ. ಅವರಿಗೂ ತಲುಪಬೇಕಾದರೆ ಅವರ ವಿಳಾಸಕ್ಕೆ ಬೇರೆ ಪ್ರತಿ ಹಾಕಬೇಕು. ಉಳಿದವರೆಲ್ಲ ಹಾಕಿದ್ದರು. ಇವರು ಹಾಕಿರಲಿಲ್ಲ. ಜವಾಬ್ದಾರರು ಅವರೇ ಆದ್ದರಿಂದ ಅವರು ನನಗೆಂದು ಬರೆದ ಪತ್ರ ತಿರುಗಿ ಅವರಿಗೇ ಹೋಗುತ್ತಿತ್ತು. ಈ ನಿಯಮವನ್ನು ನಾನೇ ಎಷ್ಟು ಜನರಿಗೆ ಹೇಳಿಕೊಟ್ಟಿದ್ದೇನೋ. ಬಣ್ಣದ ಪಟ್ಟಿ ಇದೆಯಲ್ಲ ಎಂದು ಒಮ್ಮೆಯೂ ಪುಟ ತೆರೆದು ನೋಡಿರಲಿಲ್ಲ.

ಇಂಗ್ಲಿಷಿನಲ್ಲಿದ್ದ ಆ ಪತ್ರಗಳನ್ನು ಒಂದೊಂದಾಗಿ ಓದಿದೆ. ಆಷಾಢದ್ದು: ನಿಮ್ಮ ದೂರು ತಲುಪಿತು, ಕಣ್ಣಿನ ಪೊರೆಯ ಆಪರೇಷನ್ ಇದೆ, ಮೂರು ವಾರ ಸಮಯ ಕೊಡಿ. ಶ್ರಾವಣದ್ದು: ಸರಿಮಾಡಿದ್ದೇನೆ, ಜೊತೆಗೆ ಲಗತ್ತಿಸಿದ್ದೇನೆ, ಸಹಿಗೆ ಬಳಸುವ ನನ್ನ ಹಳೆಯ ಡಿಜಿಟಲ್ ಕೀಲಿ ಈಗ ನಡೆಯುವುದಿಲ್ಲ, ಆದ್ದರಿಂದ ನಾನು ಒಳಗೆ ಸೇರಿಸಲಾರೆ, ದಯವಿಟ್ಟು ನೀವು ಸೇರಿಸಿ. ನಾನು ಬೈದ ಮನುಷ್ಯ ಗಣೇಶನ ಹಬ್ಬಕ್ಕೂ ಮುಂಚೆಯೇ ಕೆಲಸ ಮುಗಿಸಿಟ್ಟಿದ್ದರು. ನಾನು ಮಾಡಬೇಕಿದ್ದದ್ದು ಹತ್ತು ನಿಮಿಷದ ಕೆಲಸ.

ಮೂರನೆಯದು ಹಬ್ಬದ ವಾರದ್ದು. "ನಿಮ್ಮ ಹೆಸರಿನ ಕೆಳಗೆ ಯಲಹಂಕ ಎಂದಿದೆ. ನಾವು ಆರ್.ಟಿ. ನಗರದಲ್ಲಿದ್ದೇವೆ. ನನ್ನ ಹೊಸ ಕೀಲಿಗೆ ಸದಸ್ಯರೊಬ್ಬರು ಎದುರಿಗೆ ಬಂದು ನೋಡಿ ಸಹಿ ಮಾಡಬೇಕಲ್ಲ, ನೀವೇ ಒಂದು ಭಾನುವಾರ ಬರಬಹುದೆ? ನಾವು ಮನೆಯಲ್ಲೇ ಇರುತ್ತೇವೆ. ನನ್ನ ಹೆಂಡತಿ ಒಳ್ಳೆಯ ಚಹಾ ಮಾಡುತ್ತಾಳೆ." ನಾಲ್ಕನೆಯದರಲ್ಲಿ "ನಾನು ಉತ್ತರಿಸಿಲ್ಲ ಎನ್ನುತ್ತೀರಿ, ನನ್ನಿಂದ ಏನಾದರೂ ತಪ್ಪಾಯಿತೆ" ಎಂದು ಕೇಳಿದ್ದರು. ಐದನೆಯದು ದೀಪಾವಳಿಯ ಮೇಲಿನದು: "ನಿಮ್ಮ ಪತ್ರ ಪ್ರತಿಸಲವೂ ಅಕ್ಷರ ಬಿಡದೆ ಒಂದೇ ಥರ ಇರುತ್ತದೆ. ನೀವು ಮನುಷ್ಯರಲ್ಲದೆ ಒಂದು ಪ್ರೋಗ್ರಾಮು ಆಗಿದ್ದರೆ ಚಹಾದ ಮಾತನ್ನು ಮರೆತುಬಿಡಿ."

ನಗು ಬಂತು. ನಗುತ್ತಲೇ ಕೆಳಗೆ ಸರಿದೆ. ಆರನೆಯದನ್ನು ಗಡುವಿಗೆ ನಾಲ್ಕು ದಿನ ಮುಂಚೆ ಬರೆದಿದ್ದರು.

"ತೆಗೆಯಲೇಬೇಕಾದರೆ ತೆಗೆಯಿರಿ, ನಿಯಮ ನನಗೂ ಗೊತ್ತು. ಆದರೆ ಉತ್ತರ ಕೊಡಲಿಲ್ಲ ಎಂದು ಮಾತ್ರ ಬರೆಯಬೇಡಿ. ಹದಿನಾಲ್ಕು ವರ್ಷದಲ್ಲಿ ನಾನು ಯಾರ ಪತ್ರವನ್ನೂ ಉತ್ತರ ಕೊಡದೆ ಬಿಟ್ಟವನಲ್ಲ."

ಅದರ ಕೆಳಗೆ ನನ್ನ ಸಾಲು. ಜವಾಬ್ದಾರರಿಂದ ಉತ್ತರವಿಲ್ಲ.

ಬಿಡುಗಡೆಯ ಉಸ್ತುವಾರಿ ನೋಡುವವರಿಗೆ ತಕ್ಷಣ ಬರೆದೆ. ತಪ್ಪು ನನ್ನದು, ಸರಿಮಾಡಿದ್ದು ಶ್ರಾವಣದಿಂದ ಪುಟದಲ್ಲೇ ಇದೆ, ಇದೊಂದನ್ನು ಒಳಗೆ ಬಿಡಿ ಎಂದು ಅಂಗಲಾಚಿದೆ. ಸಂಜೆಗೆ ಉತ್ತರ ಬಂತು. ಸೌಮ್ಯವಾಗಿಯೇ ಇತ್ತು. ಇಂದು ಇದಕ್ಕೆ ಬಿಟ್ಟರೆ ನಾಳೆ ಇನ್ನೊಂದಕ್ಕೆ ಬಿಡಬೇಕಾಗುತ್ತದೆ ಎಂದು, ಜೊತೆಗೆ ಡಿಸೆಂಬರಿನಲ್ಲಿ ನಾನೇ ಎಲ್ಲರಿಗೂ ಕಳಿಸಿದ್ದ ಖಾರದ ಪತ್ರದ ಕೊಂಡಿ.

ಭಾನುವಾರ ಹೋದೆ. ಮೇಲ್ ಬರೆಯಲು ಧೈರ್ಯ ಬರಲಿಲ್ಲ, ಪತ್ರದಲ್ಲಿದ್ದ ವಿಳಾಸ ಹಿಡಿದು ನೇರ ಹೊರಟೆ. ಹೆಬ್ಬಾಳದಲ್ಲಿ ಬಸ್ ಬದಲಿಸಿದೆ. ಎಂಥಾ ದೂರ, ಮುಕ್ಕಾಲು ಗಂಟೆ. ಆರ್.ಟಿ. ನಗರದಲ್ಲಿ ಹೊಲಿಗೆ ಅಂಗಡಿ, ಬೇಕರಿ ದಾಟಿ ಅಡ್ಡರಸ್ತೆಗೆ ತಿರುಗಿದರೆ ಹಸಿರು ಗೇಟು. ಗೇಟಿಗೆ "ಓದುವ ಕೋಣೆ, ಹೆಣ್ಣುಮಕ್ಕಳಿಗೆ, ನಾಲ್ಕರಿಂದ ಏಳು" ಎಂದು ಕನ್ನಡದಲ್ಲೂ ಉರ್ದುವಿನಲ್ಲೂ ಬರೆದ ತಗಡು. ಗೇಟಿನ ಚಿಲಕ ಹಿಡಿದು ಸುಮಾರು ಹೊತ್ತು ನಿಂತಿದ್ದೆ.

ಎಪ್ಪತ್ತರ ಆಸುಪಾಸಿನ, ದಪ್ಪ ಕನ್ನಡಕದ, ತೆಳ್ಳಗಿನ ಒಬ್ಬರು ಬಾಗಿಲು ತೆಗೆದರು.

"ಯಾರು ಬೇಕಮ್ಮ?"

"ನಾನು ಶೈಲಜಾ. ಯಲಹಂಕ."

ಅವರು ಕನ್ನಡಕ ಸರಿಮಾಡಿಕೊಂಡು ನನ್ನನ್ನು ನೋಡಿದರು. ಆಮೇಲೆ ಒಳಗೆ ತಿರುಗಿ ಕೂಗಿದರು. "ನಸೀಮಾ! ಪ್ರೋಗ್ರಾಮ್ ಅಲ್ಲ ಕಣೇ. ಮನುಷ್ಯರೇ!"

ನಾನು ನಿಂತಲ್ಲೇ ಎಲ್ಲ ಹೇಳಿದೆ. ಪತ್ರ ನನಗೆ ತಲುಪಲಿಲ್ಲ ಎಂದು ಶುರುಮಾಡಿ, ಇಲ್ಲ, ಪತ್ರ ಅಲ್ಲೇ ಇತ್ತು ನಾನೇ ನೋಡಲಿಲ್ಲ ಎಂದು ತಿದ್ದಿಕೊಂಡೆ. ಬರೆಯಬೇಡಿ ಎಂದದ್ದನ್ನೇ ಬರೆದೆ, ಅಳಿಸಲು ಆಗುವುದಿಲ್ಲ, ಈ ಬಾರಿಗೆ ಒಳಗೆ ಸೇರಿಸಲೂ ಒಪ್ಪಲಿಲ್ಲ ಎಂದೆ.

ಖಲೀಲ್ ಸಾಹೇಬರು ಹಣೆ ಹಣೆ ಚಚ್ಚಿಕೊಂಡರು. "ಅರೆ, ನಿಮ್ಗೆ ಕಾಪಿ ಹಾಕ್ಬೇಕು ಅಲ್ವಾ! ಕಣ್ಣು ಕಾಣ್ತಾ ಇರ್ಲಿಲ್ಲ ಆಗ, ನಾನ್ ಹೇಳ್ತಿದ್ದೆ, ಇವಳು ಟೈಪ್ ಮಾಡ್ತಿದ್ಲು. ಆಮೇಲೂ ಅದೇ ರೂಢಿ ಆಗ್ಹೋಯ್ತು. ಅಂದ್ರೆ ಆರು ತಿಂಗಳು ನಾನು ನನಗೇ ಪತ್ರ ಬರ್ಕೊಂಡಿದೀನಿ."

"ನೀವಿಬ್ರೂ ದೊಡ್ಡ ಬುದ್ಧಿವಂತ್ರು" ಎಂದು ನಸೀಮಾ ಆಂಟಿ ಒಳಗಿನಿಂದ ಬಂದರು. "ಇಲ್ಲಿಂದ ಯಲಹಂಕಕ್ಕೆ ಬಸ್ ಇದೆ. ಅದ್ ಯಾರಿಗೂ ಹೊಳೀಲಿಲ್ಲ." ಮೊದಲು ನನ್ನ ಕೈಗೆ ನೀರು ಕೊಟ್ಟರು.

ಬೇಜಾರಾಯಿತೇ ಎಂದು ಕೇಳಿದೆ. ಕೇಳಬಾರದಿತ್ತು. ಸಾಹೇಬರು ಕನ್ನಡಕ ತೆಗೆದು ಒರೆಸಿದರು.

"ಆಯ್ತಮ್ಮ. ಸುಳ್ಳ್ಯಾಕೆ ಹೇಳ್ಲಿ? ಪ್ರೋಗ್ರಾಮ್ ಹೋದ್ರೆ ಮುಂದಿನ್ ಸಲ ಬರುತ್ತೆ. ಆ ಮಾತು ಓದಿದ ದಿನ ಊಟ ಸೇರ್ಲಿಲ್ಲ. ಟೆಲಿಫೋನ್ ಎಕ್ಸ್‌ಚೇಂಜಲ್ಲಿ ಮೂವತ್ತೈದು ವರ್ಷ ಇದ್ದೋನು ನಾನು. ರಿಂಗ್ ಆದ್ರೆ ಎತ್ಬೇಕು, ಅಷ್ಟೇ ನನ್ ಧರ್ಮ."

ಅವರೇ ಎದ್ದು, "ಕೂತ್ರೆ ಆಗಲ್ಲ, ಕೆಲ್ಸ ನೋಡೋಣ" ಎಂದರು.

ಮೊದಲು ಕೀಲಿಯ ಕೆಲಸ. ನಮ್ಮಲ್ಲಿ ಒಬ್ಬರನ್ನೊಬ್ಬರು ನಂಬುವುದಕ್ಕೆ ಇದೊಂದೇ ದಾರಿ. ಎದುರುಬದುರು ಕೂರಬೇಕು, ಗುರುತಿನ ಚೀಟಿ ನೋಡಬೇಕು, ಕೀಲಿಯ ನಲವತ್ತು ಅಕ್ಷರಗಳನ್ನು ಒಬ್ಬರು ಓದಬೇಕು, ಇನ್ನೊಬ್ಬರು ತಾಳೆ ನೋಡಬೇಕು. ಅವರಿಗೆ ಸಣ್ಣ ಅಕ್ಷರ ಕಾಣುತ್ತಿರಲಿಲ್ಲ, ನಸೀಮಾ ಆಂಟಿ ಓದಿದರು. "ನಾಲ್ಕು, ಎಫ್, ಒಂಬತ್ತು, ಎ." ನಾನು "ಹೂಂ" ಎನ್ನುತ್ತಿದ್ದೆ. "ಸೊನ್ನೆ, ಸಿ, ಏಳು, ಏಳು." ಹೂಂ. ಮಧ್ಯೆ ಚಹಾ ಉಕ್ಕಿತು, ಆಂಟಿ ಓಡಿದರು, ಎಲ್ಲಿಗೆ ನಿಲ್ಲಿಸಿದ್ದೆವೆಂದು ಮರೆತು ಮತ್ತೆ ಮೊದಲಿಂದ ಓದಿದರು. ಎರಡನೆಯ ಸಲ ಬೇಕೆಂದೇ ನಿಧಾನವಾಗಿ ಹೂಂ ಎಂದೆ. ಒಂದು ಮನೆಯಲ್ಲಿ ಕೂತು ಒಬ್ಬರ ಮಾತಿಗೆ ಹೂಂಗುಟ್ಟಿ ಒಂಬತ್ತು ತಿಂಗಳಾಗಿತ್ತು.

ಆಮೇಲೆ ಓದುವ ಕೋಣೆಯ ಕಂಪ್ಯೂಟರು. ಅದು ಆಂಟಿಯ ಕೋಣೆ. ಬೀದಿಯ ಹುಡುಗಿಯರು ಬಂದು ಕೂತು ಓದುವುದಕ್ಕೆಂದು ಮುಂದಿನ ಕೋಣೆಯನ್ನು ಅವರು ಬಿಟ್ಟುಕೊಟ್ಟಿದ್ದರು. ಆ ಪ್ರೋಗ್ರಾಮನ್ನು ಸಾಹೇಬರು ಮೊದಲು ಬರೆದದ್ದೇ ಈ ಕೋಣೆಗೆ. ಹೊಸ ಆವೃತ್ತಿ ಬಂದಾಗ ಇಲ್ಲಿಂದಲೂ ಅದು ಹೊರಬೀಳುತ್ತಿತ್ತು. ಹಾಗಾಗದಂತೆ ಅವರು ಶ್ರಾವಣದಲ್ಲಿ ಸರಿಮಾಡಿದ್ದನ್ನೇ ಕೈಯಿಂದ ಹಾಕಿಕೊಟ್ಟೆ. ಸರಿಯಾಗಿ ನಡೆಯುತ್ತದೆಯೇ ಎಂದು ನೋಡಲು ಸದಸ್ಯರ ಪಟ್ಟಿ ತೆರೆದೆ. ರುಕ್ಸಾನಾ, ಮಂಜುಳಾ, ಆಯಿಷಾ, ದಿವ್ಯಾ. ಒಬ್ಬೊಬ್ಬರ ಎದುರಿಗೂ ಪುಸ್ತಕಗಳ ಹೆಸರು. ಪಟ್ಟಿಯ ಕೊನೆಯಲ್ಲಿ ಇನ್ನೊಂದು ಹೆಸರಿತ್ತು.

ಶೈಲಜಾ, ಯಲಹಂಕ. ಸೇರಿದ್ದು ಸೆಪ್ಟೆಂಬರ್. ಪಡೆದ ಪುಸ್ತಕ: ಇಲ್ಲ.

"ಅದು ನಾನ್ ಹಾಕಿದ್ದು" ಎಂದರು ಆಂಟಿ, ಬೆನ್ನ ಹಿಂದೆ ನಿಂತು. "ಹಬ್ಬದ್ ರಜಾದಲ್ಲಿ ಬರ್ತೀರಾ ಅಂದ್ಕೊಂಡೆ. ಬಂದೋರು ಬರೀ ಕೈಲಿ ಹೋಗ್ಬಾರ್ದು ನೋಡಿ. ಇವ್ರು ಅಳಿಸ್ಬಿಡು ಅಂದ್ರು, ನಾನೇ ಇರ್ಲಿ ಅಂದೆ. ತಗೊಳ್ರೀ ಒಂದು ಪುಸ್ತಕ. ಅದು ಖಾಲಿ ಇರೋದು ನೋಡೋಕಾಗಲ್ಲ ನನ್ಗೆ."

ಅತ್ತುಬಿಟ್ಟೆ. ಗೊತ್ತಿಲ್ಲದವರ ಮನೆಯಲ್ಲಿ, ಗೊತ್ತಿಲ್ಲದವರ ಕಂಪ್ಯೂಟರಿನ ಮುಂದೆ. ಆ ಇಡೀ ವರ್ಷ, ನನ್ನನ್ನು ಕೇಳುವವರೇ ಇಲ್ಲ ಎಂದು ನಾನು ಕಿಟಕಿಯಲ್ಲಿ ಕೂತಿದ್ದಾಗ, ಮುಕ್ಕಾಲು ಗಂಟೆಯ ದೂರದಲ್ಲಿ ಇಬ್ಬರು ಭಾನುವಾರಗಳಂದು ಮನೆ ಬಿಟ್ಟು ಹೋಗದೆ ಕಾದಿದ್ದರು. ಸಾಹೇಬರು ಏನು ಮಾಡಬೇಕೆಂದು ತೋಚದೆ ಫ್ಯಾನು ಹಾಕಿದರು. ಜನವರಿಯ ಚಳಿಯಲ್ಲಿ.

ಮರುದಿನ ಬೆಳಿಗ್ಗೆ ಐದಕ್ಕೆ ಆ ಪುಟ ತೆರೆದು ನನ್ನ ಸಾಲಿನ ಕೆಳಗೆ ಬರೆದೆ: "ಮೇಲಿನ ಮಾತು ಸುಳ್ಳು. ಖಲೀಲ್ ಅಹ್ಮದರು ಆರು ಸಲ ಉತ್ತರ ಕೊಟ್ಟಿದ್ದಾರೆ. ಓದದೆ ಬಿಟ್ಟವಳು ನಾನು." ಹೆಸರು ಹಾಕಿದೆ, ಯಲಹಂಕ, ಬೆಂಗಳೂರು ಎಂದೂ ಹಾಕಿದೆ. ಕಳಿಸುವ ಮೊದಲು ಅವರ ವಿಳಾಸಕ್ಕೆ ಪ್ರತಿ ಹೋಗುತ್ತಿದೆಯೇ ಎಂದು ಮೂರು ಸಲ ನೋಡಿದೆ.

ಮುಂದಿನ ಬಿಡುಗಡೆಯಲ್ಲಿ ಆ ಪ್ರೋಗ್ರಾಮು ತನ್ನ ಜಾಗಕ್ಕೆ ಮರಳಿತು. ಆ ಪುಟದಲ್ಲಿ ಈಗಲೂ ಎರಡೂ ಸಾಲುಗಳಿವೆ, ಮೊದಲು ಸುಳ್ಳು, ಅದರ ಕೆಳಗೆ ನಿಜ. ಹುಡುಕಿದವರಿಗೆ ಮೊದಲು ಸಿಗುವುದು ಸುಳ್ಳೇ, ಅಷ್ಟನ್ನೇ ಓದಿ ಮುಂದೆ ಹೋಗುವವರೂ ಇದ್ದಾರೆ. ಹಾಗೆ ಮುಂದೆ ಹೋಗುವುದು ಎಷ್ಟು ಸುಲಭ ಎಂದು ನನಗೆ ಗೊತ್ತು.

ಪೇಟೆಯ ಹೆಂಗಸು ತಕ್ಕಡಿ ಹಿಡಿದು, "ಎಷ್ಟು ಜನಕ್ಕೆ ಅಕ್ಕ?" ಎಂದಳು.

"ಮೂರು" ಎಂದು ಹೇಳಿ, ಚೀಲ ಹಿಡಿದುಕೊಂಡು ಹೆಬ್ಬಾಳದ ಬಸ್ ಹತ್ತಿದೆ.